ಹನ್ನೆರಡನೆಯ ಪುಸ್ತಕದ ಮಂಗಲ

ಬಾಯಿ ಮುಚ್ಚಿಕೊಂಡು, ತುಟಿಯನ್ನೂ ಅಲ್ಲಾಡಿಸದೆ, ಮನಸ್ಸಿನೊಳಗೇ ಪುಸ್ತಕ ಓದುವವರು ಲೋಕದಲ್ಲಿ ಇದ್ದಾರೆ ಎಂಬುದು ನನಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು. ಅಂಥವಳೊಬ್ಬಳ ಜೊತೆ ನಲವತ್ತಮೂರು ವರ್ಷ ಸಂಸಾರ ಮಾಡಿದ್ದೆ. ಆದರೆ ಅವಳು ಓದುತ್ತಿದ್ದಾಳೆಂದು ನನಗೆ ಹೊಳೆದಿರಲಿಲ್ಲ. ಕನ್ನಡಕ ಹಾಕಿಕೊಂಡು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆ.

ನನ್ನ ಹೆಸರು ಷಣ್ಮುಖಪ್ಪ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸೈರನ್ ಊದುವ ಕೆಲಸ ಮಾಡಿ ನಿವೃತ್ತನಾಗಿ, ಈಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಸೈರನ್ ಊದುವುದನ್ನು ಸಣ್ಣ ಕೆಲಸವೆಂದು ಯಾರೂ ತಿಳಿಯಬಾರದು. ನಾನು ಗುಂಡಿ ಒತ್ತಿದರೆ ಅರ್ಧ ಊರು ಹಾಸಿಗೆಯಿಂದ ಏಳುತ್ತಿತ್ತು, ಇನ್ನರ್ಧ ಊರು ಬುತ್ತಿ ಬಿಚ್ಚುತ್ತಿತ್ತು. ನಾನು ಎರಡು ನಿಮಿಷ ಮುಂಚೆ ಊದುತ್ತೇನೆಂದು ಕೆಲವು ಕೆಲಸಗಾರರು ದೂರು ಹೇಳುತ್ತಿದ್ದರು. ತಡವಾಗಿ ಬರುವವರಿಗೆ ಎಲ್ಲ ಸೈರನ್ನೂ ಮುಂಚೆಯೇ.

ಕಳೆದ ಕಾರ್ತಿಕದಲ್ಲಿ ನನ್ನ ಹೆಂಡತಿ ಉಮಾಮಹೇಶ್ವರಿ ಶಿವನ ಪಾದ ಸೇರಿದಳು. ಬೆಳಿಗ್ಗೆ ನನಗೆ ಕಾಫಿ ಕೊಟ್ಟವಳು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತಳು. ಮತ್ತೆ ಏಳಲಿಲ್ಲ. ಈ ವಿಷಯವಾಗಿ ಇದಕ್ಕಿಂತ ಹೆಚ್ಚು ಬರೆಯಲಾರೆ.

ತಿಂಗಳೊಂದು ಕಳೆದ ಮೇಲೆ ಅವಳ ಫೋನಿಗೆ ಒಂದು ಕರೆ ಬಂತು. ಸವಳಂಗ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಖಾಸಗಿ ಪುಸ್ತಕಾಲಯವಿದೆಯಂತೆ. ಅದನ್ನು ನೋಡಿಕೊಳ್ಳುವ ಹುಡುಗಿ ಸುಪ್ರಿಯಾ, ಮೇಡಂ ಯಾಕೆ ಬರುತ್ತಿಲ್ಲ ಎಂದು ಕೇಳಿದಳು. ನಾನು ಖುದ್ದಾಗಿ ಹೋಗಿ ವಿಷಯ ತಿಳಿಸಿದೆ. ಆ ಹುಡುಗಿ ಕಣ್ಣೊರೆಸಿಕೊಂಡು ಗೋಡೆಯ ಮೇಲಿದ್ದ ಒಂದು ಮರದ ಹಲಗೆ ತೋರಿಸಿದಳು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಹಲವು ಹೆಸರುಗಳಿದ್ದವು.

"ವರ್ಷಕ್ಕೆ ಹನ್ನೆರಡು ಪುಸ್ತಕ ಅಂತ ಒಂದು ಪಣ ಸಾರ್. ಯುಗಾದಿಯಿಂದ ಯುಗಾದಿಗೆ. ಒಂದೊಂದು ಪುಸ್ತಕ ಮುಗಿಸಿದ ಮೇಲೂ ಒಂದು ಪುಟ ಅನಿಸಿಕೆ ಬರೀಬೇಕು. ಪೂರ್ತಿ ಮಾಡಿದೋರ ಹೆಸರು ಹಲಗೆ ಮೇಲೆ ಬರುತ್ತೆ. ಮೇಡಂ ಎಂಟು ಮುಗಿಸಿದ್ರು."

"ಎಂಟಕ್ಕೇ ಹೆಸರು ಹಾಕೋಕೆ ಆಗಲ್ವೇನಮ್ಮ?"

"ಕಮಿಟಿಯವರು ಒಪ್ಪಲ್ಲ ಸಾರ್. ಹೋದ ವರ್ಷ ಹನ್ನೊಂದೂವರೆ ಓದಿದ ಡಾಕ್ಟರ್ ಒಬ್ಬರಿಗೇ ಹಾಕ್ಲಿಲ್ಲ."

"ಹಾಗಾದ್ರೆ ಉಳಿದ ನಾಲ್ಕು ನಾನು ಓದ್ತೀನಿ."

ಸತ್ತವರ ಬದಲು ಪರೀಕ್ಷೆ ಬರೆಯುತ್ತೇನೆ ಎಂದವನನ್ನು ನೋಡುವಂತೆ ಆಕೆ ನನ್ನನ್ನು ನೋಡಿದಳು. ಆಮೇಲೆ ನಿಯಮದ ಹಾಳೆ ತೆಗೆದು ನೋಡಿದರೆ, ಶಿವನ ದಯೆ, 'ಒಂದು ಕಾರ್ಡಿಗೆ ಒಂದು ಕುಟುಂಬ' ಎಂದು ಇತ್ತು. ಉಳಿದ ನಾಲ್ಕು ಪುಸ್ತಕ ಯಾವುವೆಂದು ಉಮಾ ತನ್ನ ಕೈಯಲ್ಲೇ ಬರೆದಿಟ್ಟಿದ್ದಳು. ಅನಿಸಿಕೆಯ ನೋಟ್‌ಬುಕ್ಕನ್ನೂ ಸುಪ್ರಿಯಾ ಕೊಟ್ಟಳು. ಬರುವಾಗ ಬಸ್ ನಿಲ್ದಾಣದಲ್ಲಿ ಕೂತು ಎಂಟನೆಯ ಪುಸ್ತಕದ ಅನಿಸಿಕೆ ಓದಿದೆ. 'ಈ ಕಥೆಯಲ್ಲಿ ಬರುವ ಗಂಡ ಒಳ್ಳೆಯವನು. ಗಂಟೆಗೆ ಸರಿಯಾಗಿ ಊಟಕ್ಕೆ ಬರುತ್ತಾನೆ. ಅದು ಬಿಟ್ಟರೆ ಅವನ ಬಗ್ಗೆ ಬರೆಯಲು ಲೇಖಕರಿಗೂ ಏನೂ ಸಿಕ್ಕಿಲ್ಲ.'

ಎರಡು ಬಸ್ ಬಿಟ್ಟು ಮೂರನೆಯದಕ್ಕೆ ಹತ್ತಿದೆ.

ಇನ್ನು ಓದುವ ವಿಚಾರ. ನನ್ನ ತಂದೆ ಮಠದಲ್ಲಿ ಪ್ರತಿ ಶ್ರಾವಣ ಮಾಸವೂ ಪುರಾಣ ಓದುತ್ತಿದ್ದರು. ಪುಸ್ತಕ ಎಂದರೆ ಅದೊಂದೇ ರೀತಿ ನನಗೆ ಗೊತ್ತು. ಸ್ನಾನ ಮಾಡಿ ವಿಭೂತಿ ಧರಿಸಬೇಕು. ಸೋಮವಾರ ಆರಂಭಿಸಬೇಕು. ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು, ದೀಪ ಹಚ್ಚಿ, ಗಟ್ಟಿಯಾಗಿ ಓದಬೇಕು. ಅಧ್ಯಾಯ ಮುಗಿಯುವವರೆಗೆ ಬಾಯಲ್ಲಿ ಬೇರೆ ಮಾತು ಬರಕೂಡದು. ಕೊನೆಯ ದಿನ ಕಾಯಿ ಒಡೆದು ಮಂಗಲ ಮಾಡಿ ಪ್ರಸಾದ ಹಂಚಬೇಕು. ಅರ್ಧಕ್ಕೆ ಬಿಡುವುದು, ಅರ್ಧದಿಂದ ಹಿಡಿಯುವುದು, ಎರಡೂ ನಿಷಿದ್ಧ.

ಒಂಬತ್ತನೆಯ ಪುಸ್ತಕ ಒಂದು ಪತ್ತೇದಾರಿ ಕಾದಂಬರಿ.

"ಮಾವ, ಕೊಲೆ ಕಾದಂಬರಿಗೆ ಯಾರಾದ್ರೂ ಊದುಬತ್ತಿ ಹಚ್ತಾರಾ?" ಎಂದಳು ಸೊಸೆ ಅಮೂಲ್ಯ. ಆಕೆ ಹೈಸ್ಕೂಲಿನಲ್ಲಿ ಟೀಚರು.

"ಅಕ್ಷರ ಅಕ್ಷರವೇ ತಾಯಿ," ಎಂದು ನಾನು ಸಂಜೆ ಆರಕ್ಕೆ ಸರಿಯಾಗಿ ಆರಂಭಿಸಿದೆ. ಮೊದಲ ಅಧ್ಯಾಯದಲ್ಲೇ ಒಬ್ಬ ಜಮೀನ್ದಾರರ ಹೆಂಡತಿ ಸತ್ತಳು. ಹೆಣ ಬಾವಿಯ ಹತ್ತಿರ ಸಿಕ್ಕುವಷ್ಟರಲ್ಲಿ ಪಕ್ಕದ ಮನೆಯ ಸುಭದ್ರಮ್ಮ ಬಾಳೆಹಣ್ಣು, ಹೂವು ಹಿಡಿದು ಬಂದು ಕೈಮುಗಿದು ಕೂತರು. ಹೆಂಡತಿಯ ಆತ್ಮಕ್ಕಾಗಿ ನಾನು ಪುರಾಣ ಇಟ್ಟಿದ್ದೇನೆಂದು ಅವರು ತಿಳಿದಿದ್ದರು. ತಪ್ಪು ತಿದ್ದಲು ಅಧ್ಯಾಯ ಮುಗಿದಿರಲಿಲ್ಲ. ಮುಗಿಯುವಷ್ಟರಲ್ಲಿ ಅವರು ಪುಸ್ತಕಕ್ಕೆ ಆರತಿ ಎತ್ತಿ, ಬೀದಿಗೆಲ್ಲ ಸುದ್ದಿ ಹೇಳಲು ಹೋಗಿದ್ದರು.

ಮರುದಿನ ಎಂಟು ಜನ. ನಾಲ್ಕನೆಯ ದಿನ ಇಪ್ಪತ್ತಾರು ಜನ. ಹಜಾರ ತುಂಬಿ ಮೆಟ್ಟಿಲ ಮೇಲೂ ಕೂತರು.

"ಇದು ಯಾವ ಪುರಾಣ ಅಣ್ಣಾ? ಶಿವ ಯಾವಾಗ ಬರ್ತಾನೆ?" ಎಂದು ಸುಭದ್ರಮ್ಮ ಕೇಳಿದರು.

"ಬರಬಹುದು. ಇನ್ನೂ ನೂರಿಪ್ಪತ್ತು ಪುಟ ಇದೆ," ಎಂದೆ. ನಾನು ಸುಳ್ಳು ಹೇಳಲಿಲ್ಲ, ಮುಂದಿನದನ್ನು ನಾನೂ ಓದಿರಲಿಲ್ಲ. ಐದನೆಯ ದಿನ ಕಾದಂಬರಿಯಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಬಂದರು. ಮೈಯೆಲ್ಲ ಬೂದು ಬಣ್ಣದ ಕೋಟು, ಕಡಿಮೆ ಮಾತು, ಎಲ್ಲರ ಮನಸ್ಸನ್ನೂ ಓದುವ ಕಣ್ಣು. ಸುಭದ್ರಮ್ಮ ಎದ್ದು ನಿಂತು ನಮಸ್ಕಾರ ಮಾಡಿದರು. "ಬಂದ ನೋಡಿ! ವೇಷ ಹಾಕ್ಕೊಂಡು ಬಂದಿದ್ದಾನೆ!" ಎಂದರು. ಆಮೇಲೆ ಯಾರ ಭಕ್ತಿಗೂ ಅಡ್ಡಿ ಬರಲಿಲ್ಲ.

ಒಂಬತ್ತನೆಯ ದಿನ ಅನಾಹುತವಾಯಿತು. ಅಂದಿನ ಅಧ್ಯಾಯ ಪೂರ್ತಿ ಕೊಲೆಗಾರನ ತಪ್ಪೊಪ್ಪಿಗೆ. ಮೂವತ್ತೊಂದು ಪುಟ, ಎಲ್ಲವೂ 'ನಾನು' ಎಂದೇ ಬರೆದದ್ದು. ನಾನು ಕಂಠ ಬಿಟ್ಟು ಓದುತ್ತಿದ್ದೆ: "ಹೌದು, ನಾನೇ ಆಕೆಯ ಹಾಲಿಗೆ ವಿಷ ಬೆರೆಸಿದೆ. ಎದೆನೋವೆಂದು ಎಲ್ಲರನ್ನೂ ನಂಬಿಸಿದೆ. ತಿಂಗಳುಗಳು ಕಳೆದವು. ಯಾರಿಗೂ ಅನುಮಾನ ಬರಲಿಲ್ಲ." ಆ ಹೊತ್ತಿಗೆ ಹಿತ್ತಿಲ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ತಂದವನು ಇಷ್ಟನ್ನು ಕೇಳಿಸಿಕೊಂಡು, ಸಿಲಿಂಡರನ್ನು ಅಲ್ಲೇ ಬಿಟ್ಟು ಓಡಿದ.

ಅರ್ಧ ಗಂಟೆಯಲ್ಲಿ ಕಾನ್‌ಸ್ಟೆಬಲ್ ಮನೋಹರ ಬಂದರು. ಬಾಗಿಲಲ್ಲೇ ಅವರ ಕಾಲು ನಿಂತಿತು. ವಿಭೂತಿ ಧರಿಸಿದ ಮುದುಕನೊಬ್ಬ ದೀಪದ ಎದುರು ತನ್ನ ಅಪರಾಧವನ್ನು ವಿವರವಾಗಿ ಒಪ್ಪಿಕೊಳ್ಳುತ್ತಿದ್ದಾನೆ, ಮೂವತ್ತು ಜನ ಕೈಮುಗಿದು ಕೇಳುತ್ತಿದ್ದಾರೆ!

"ಯಜಮಾನ್ರೇ, ನಿಮ್ಮ ಹೆಂಡ್ತಿ ಹೇಗೆ ತೀರ್ಕೊಂಡ್ರು?"

ಅಧ್ಯಾಯದ ನಡುವೆ ಬೇರೆ ಮಾತಾಡುವಂತಿಲ್ಲ. ಕೂರಿ ಎಂದು ಕೈಸನ್ನೆ ಮಾಡಿ ಮುಂದಿನ ವಾಕ್ಯ ಓದಿದೆ: "ಆ ರಾತ್ರಿ ಅವಳೇ ಹಾಲು ಬೇಡವೆಂದಳು. ನಾನು ಬಲವಂತ ಮಾಡಿದೆ."

"ಅಯ್ಯೋ ದೇವ್ರೇ," ಎಂದು ಅವರು ಟೋಪಿ ತೆಗೆದರು. "ಯಾರು ಯಾರು ಜೊತೆಗಿದ್ರು?"

"ಈ ಕೆಲಸದಲ್ಲಿ ನನ್ನ ಜೊತೆಗೆ ಯಾರೂ ಇರಲಿಲ್ಲ," ಎಂದು ಓದಿದೆ. ಪುಸ್ತಕದಲ್ಲಿ ಹಾಗೇ ಇತ್ತು, ನನ್ನ ತಪ್ಪಿಲ್ಲ.

ಸುಭದ್ರಮ್ಮ ಅವರ ಪ್ಯಾಂಟು ಜಗ್ಗಿದರು. "ಕೂತ್ಕೊಳ್ರೀ ಮಾರಾಯ್ರೇ, ಈಗ ಶಿವ ಹಿಡೀತಾನೆ!"

ಮನೋಹರ ಕೂತರು. ಹತ್ತು ನಿಮಿಷದಲ್ಲಿ ಅವರಿಗೆ ಅದು ಪುಸ್ತಕವೆಂದು ತಿಳಿಯಿತು. ಅಧ್ಯಾಯ ಮುಗಿದ ಮೇಲೆ ನಾನು ಕೈಮುಗಿದು, ನನ್ನ ಹೆಂಡತಿ ಹೃದಯಾಘಾತದಿಂದ ಹೋದದ್ದು, ಡಾಕ್ಟರರ ಕಾಗದ ಕಪಾಟಿನಲ್ಲಿದೆ ಎಂದೆ. ಅವರು ಕಾಗದ ನೋಡಿದರು. ಆದರೆ ಮನಸ್ಸು ಅಲ್ಲಿರಲಿಲ್ಲ.

"ಅದಿರ್ಲಿ ಸಾರ್. ಆ ಹಾಲಿನ ಲೋಟ ಯಾರು ತೊಳೆದ್ರು ಅಂತ ಇನ್ನೂ ಬರ್ಲಿಲ್ವಲ್ಲ?"

"ನಾಳೆ ಆರಕ್ಕೆ," ಎಂದೆ.

ಮರುದಿನ ಐದೂ ಮುಕ್ಕಾಲಿಗೆ ಅವರು ಮಫ್ತಿಯಲ್ಲಿ ಮೊದಲ ಸಾಲಿನಲ್ಲಿದ್ದರು. ಮಂಗಲದ ದಿನ ಕಾಯಿ ಒಡೆದದ್ದೂ ಅವರೇ. ಒಂಬತ್ತನೆಯ ಪುಸ್ತಕಕ್ಕೆ ನಾನು ಬರೆದ ಅನಿಸಿಕೆ: 'ಕೊಲೆ ಮಾಡಿದವರು ಯಾರೆಂದು ಇಲ್ಲಿ ಹೇಳಿದರೆ ಮುಂದೆ ಓದುವವರಿಗೆ ಅನ್ಯಾಯ. ಆದರೂ ವೈದ್ಯರನ್ನು ಇಷ್ಟು ನಂಬಬಾರದು.'

ಹತ್ತನೆಯದು ಉಪ್ಪಿನಕಾಯಿಯ ಪುಸ್ತಕ. ನೂರೆಂಟು ಬಗೆ. ಅಪ್ಪೆಮಿಡಿಯ ಅಧ್ಯಾಯದಲ್ಲಿ ಕೇಳುಗರು ನುಂಗಿದ ಎಂಜಲಿನ ಸದ್ದು ನನ್ನ ದನಿಗಿಂತ ಗಟ್ಟಿಯಾಗಿತ್ತು. ನೂರೆಂಟು ಬಾರಿ ಉಪ್ಪು ಎಂದು ಓದಿದರೂ ಒಂದು ಸಲವೂ 'ಬೇಕಾದಷ್ಟು' ಎಷ್ಟೆಂದು ಲೇಖಕಿ ಹೇಳಲಿಲ್ಲ. ಉಮಾ ಕೂಡ ಹೇಳುತ್ತಿರಲಿಲ್ಲ. ಅದು ಹೆಂಗಸರ ನಡುವಿನ ಯಾವುದೋ ಮಂತ್ರವೆಂದು ನನಗೆ ಖಾತ್ರಿಯಾಯಿತು.

ಹನ್ನೊಂದನೆಯದು ನಕ್ಷತ್ರಗಳದು. ಅದನ್ನು ತಾರಸಿಯ ಮೇಲೆ ಓದಿದೆವು. ನಾವು ಕಾಣುವ ಬೆಳಕು ನಕ್ಷತ್ರದಿಂದ ಹೊರಟು ಎಷ್ಟೋ ವರ್ಷಗಳಾಗಿವೆ, ಆ ನಕ್ಷತ್ರ ಈಗ ಇಲ್ಲದೆಯೂ ಇರಬಹುದು ಎಂದು ಬರೆದಿತ್ತು. ಮೂವತ್ತೈದು ಜನ ತಲೆಯೆತ್ತಿ ಕೂತರು. ಸುಭದ್ರಮ್ಮ, "ಹಾಗಾದ್ರೆ ಇಲ್ಲದೇ ಇರೋರೂ ಕಾಣ್ತಾರಾ ಅಣ್ಣಾ?" ಎಂದು ಕೇಳಿದರು. ಪುಣ್ಯಕ್ಕೆ ಅಧ್ಯಾಯ ಮುಗಿದಿರಲಿಲ್ಲ. ನನ್ನ ಅನಿಸಿಕೆ: 'ಈ ಪುಸ್ತಕ ಮುಗಿಸಿದ ಮೇಲೆ ನಾನು ಎರಡು ದಿನ ಮಾತಾಡಲಿಲ್ಲ. ಸೊಸೆ ಡಾಕ್ಟರನ್ನು ಕರೆಸಿದಳು. (ಒಂಬತ್ತನೆಯ ಪುಸ್ತಕ ಓದಿದ್ದರಿಂದ ನಾನು ಅವರು ಕೊಟ್ಟ ಮಾತ್ರೆ ನುಂಗಲಿಲ್ಲ.)'

ಯುಗಾದಿಗೆ ನಾಲ್ಕು ದಿನ ಉಳಿದಿತ್ತು. ಹನ್ನೆರಡನೆಯ ಪುಸ್ತಕ ಕೇಳಲು ಹೋದರೆ ಸುಪ್ರಿಯಾ ಮುಖ ಸಣ್ಣದು ಮಾಡಿದಳು.

"ಸಾರ್, ಅದು ಇಲ್ಲ. ಇದ್ದದ್ದೇ ಒಂದು ಪ್ರತಿ. ಮೇಡಂ ಕಾರ್ತಿಕದಲ್ಲೇ ತಗೊಂಡು ಹೋಗಿದ್ರು, ರಿಜಿಸ್ಟರ್ ಈಗಷ್ಟೇ ನೋಡಿದೆ. ಸಕ್ರೆಬೈಲು ಬಿಡಾರದ ಒಂದು ಆನೆಯ ಕಥೆ."

ಮನೆಯಲ್ಲಿ ಕಪಾಟು, ಟ್ರಂಕು, ಅಕ್ಕಿ ಡಬ್ಬ ಎಲ್ಲ ಹುಡುಕಿದೆವು. ಆನೆ ಸಿಗಲಿಲ್ಲ. ಆ ಸಂಜೆ ಮನೋಹರ ತಾವಾಗಿಯೇ ತನಿಖೆ ಕೈಗೆತ್ತಿಕೊಂಡರು. ಒಂಬತ್ತನೆಯ ಪುಸ್ತಕದ ನಂತರ ಅವರಿಗೆ ಬೂದು ಬಣ್ಣದ ಕೋಟಿನ ಆಸೆ ಹುಟ್ಟಿತ್ತು. ಉಮಾಳ ಕೈಚೀಲವನ್ನು ಚಾಪೆಯ ಮೇಲೆ ಸುರಿದು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟುಗಳನ್ನು ಜೋಡಿಸಿದರು.

"ಎಲ್ಲಾ ಶಿವಮೊಗ್ಗ–ಭದ್ರಾವತಿ. ಎಲ್ಲಾ ಗುರುವಾರ."

"ಅತ್ತೆ ಗುರುವಾರ ಭದ್ರಾವತಿಯ ಈಶ್ವರನ ಗುಡಿಗೆ ಹೋಗ್ತಿದ್ರಲ್ಲ," ಎಂದಳು ಅಮೂಲ್ಯ.

"ಈಶ್ವರನ ಗುಡಿಗೆ ಸೋಮವಾರ ಹೋಗ್ತಾರೆ ಮೇಡಂ," ಎಂದರು ಮನೋಹರ ಕಣ್ಣು ಕಿರಿದು ಮಾಡಿ.

ನಲವತ್ತಮೂರು ವರ್ಷದ ಗಂಡನಿಗೆ ಹೊಳೆಯದ ಮಾತು ಪೊಲೀಸಿನವರಿಗೆ ನಾಲ್ಕು ನಿಮಿಷದಲ್ಲಿ ಹೊಳೆಯಿತು.

ಮರುದಿನ ಗುರುವಾರ. ನಾನು, ಪುಸ್ತಕ ವಶಕ್ಕೆ ಪಡೆಯಲು ಸುಪ್ರಿಯಾ, ತನಿಖೆಗೆ ಮನೋಹರ, ಮಂಗಲಕ್ಕೆಂದು ತೆಂಗಿನಕಾಯಿ ಹಿಡಿದ ಸುಭದ್ರಮ್ಮ, ನಾಲ್ವರೂ ಭದ್ರಾವತಿಗೆ ಹೊರಟೆವು. ಗುಡಿಯ ಮುಂದಿನ ಹೂವಿನಾಕೆ ಫೋಟೋ ನೋಡಿದ ಕೂಡಲೇ, "ಈಯಮ್ಮನಾ? ಹತ್ತು ನಿಮಿಷ ಕೈ ಮುಗ್ದು ಆ ಸಂದಿಗೆ ಹೋಗ್ಬಿಡೋರು. ಹಸಿರು ಗೇಟು," ಎಂದಳು.

ಹಸಿರು ಗೇಟು ತೆಗೆದವರನ್ನು ನೋಡಿ ನಾನು ದಂಗಾದೆ. ಅವರಿಗೂ ಹಾಗೇ ಆಯಿತು.

"ಅರೆ! ಸೈರನ್ ಸಾಹೇಬ್ರು!"

ಕ್ರೇನ್ ಡ್ರೈವರ್ ರಸೂಲ್ ಸಾಬ್! ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಸೈರನ್ನಿಗೆ ಮೊದಲು ಗೇಟಿನೊಳಗೆ ಬರದ ಮನುಷ್ಯ.

"ನೀವು ಎರಡು ನಿಮಿಷ ಮುಂಚೆ ಊದಿ ನನ್ನ ಎಷ್ಟು ಅರ್ಧ ರಜಾ ತಿಂದ್ರಿ ಸಾಹೇಬ್ರೇ, ನೆನಪಿದೆಯಾ?"

"ನಿಮ್ಮ ವಾಚು ಹಿಂದೆ ಇತ್ತು ರಸೂಲ್ ಸಾಬ್."

ಒಳಗೆ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಐದು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ರಸೂಲ್ ಸಾಬರ ಹೆಂಡತಿ ಮೆಹರ್ ಬಾನು ಎದ್ದು ಬಂದು, ನಮ್ಮ ನಾಲ್ವರ ಹಿಂದೆ ಗೇಟಿನ ಕಡೆ ನೋಡಿದರು. ಇನ್ನೊಬ್ಬರು ಬರುವವರಿದ್ದಾರೆ ಎಂಬಂತೆ.

"ಉಮಕ್ಕ ಬರ್ಲಿಲ್ವಾ?"

ನಾನು ಹೇಳಿದೆ. ಎರಡೇ ಮಾತಿನಲ್ಲಿ ಹೇಳಿದೆ. ಮೆಹರ್ ಬಾನು ಸೆರಗು ಬಾಯಿಗೆ ಒತ್ತಿಕೊಂಡು ಕುಸಿದರು.

"ನಮ್ಗೆ ಕನ್ನಡ ಅಕ್ಷರ ಬರಲ್ಲ ಅಣ್ಣ," ಎಂದರು ಕೊನೆಗೆ. "ಉರ್ದು ನಾಲ್ಕನೇ ಕ್ಲಾಸು ನಾನು. ಅಕ್ಕ ಐದು ವರ್ಷ ನಮ್ಗೆ ಓದಿ ಹೇಳಿದ್ರು. ಗುರುವಾರ ಬಂದೇ ಬರ್ತಾರೆ, ಫೋನ್ ನಂಬರ್ ಯಾಕೆ ಅಂತ ತಗೊಂಡೇ ಇರ್ಲಿಲ್ಲ. ಬರೋದು ನಿಂತ ಮೇಲೂ ಪ್ರತಿ ಗುರುವಾರ ಚಾಪೆ ಹಾಸ್ತೀವಿ. ಬಂದ್ರೆ ಬರ್ಲಿ ಅಂತ."

ಒಳಗಿನಿಂದ ಪುಸ್ತಕ ತಂದರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ತಲೆಗಿಂತ ಎತ್ತರದ ಗೂಡಿನಲ್ಲಿ ಇಟ್ಟಿದ್ದರು. ಎಪ್ಪತ್ತೆರಡನೆಯ ಪುಟದಲ್ಲಿ ಬಸ್ಸಿನ ಉಚಿತ ಟಿಕೆಟ್ಟು.

"ಇಲ್ಲಿಗೆ ನಿಂತಿದೆ," ಎಂದರು ಮೂಲೆಯಲ್ಲಿ ಕೂತಿದ್ದ ಸೆಲ್ವಿಯಮ್ಮ. "ಹಳೆ ಮಾವುತ ಸತ್ತೋದ. ಹೊಸಬ ಬಂದ. ಆನೆ ಕಾಲೇ ಎತ್ತಲ್ಲ ಅಂತಿದೆ. ಪಾವಂ, ಪಾಪ, ನಾಲ್ಕು ತಿಂಗಳಿಂದ ಅಲ್ಲೇ ನಿಂತಿದೆ!"

ನಾನು ಸಂಕಟಕ್ಕೆ ಬಿದ್ದೆ. "ಅರ್ಧದಿಂದ ಓದೋ ಪದ್ಧತಿ ಇಲ್ಲ ತಾಯಿ. ಮೊದಲಿಂದ ಶುರು ಮಾಡ್ಬೇಕು."

"ಶುರು ಮಾಡ್ತಿರೋದು ನೀವಲ್ಲ ಅಣ್ಣ, ಅಕ್ಕ ಮಾಡಿದ್ದಾರೆ," ಎಂದರು ಮೆಹರ್ ಬಾನು. "ನೀವು ಮುಂದಕ್ಕೆ ಹೇಳಿ."

ಕಾಲು ತೊಳೆದು ಕೂತೆ. ಆಗ ಮೂರೂವರೆ. ರಂಜಾನ್ ತಿಂಗಳು, ಮನೆಯವರೆಲ್ಲ ಉಪವಾಸ, ಸೂರ್ಯ ಮುಳುಗುವವರೆಗೆ ನೀರೂ ಇಲ್ಲ. ಹಸಿದ ಹೊಟ್ಟೆಯವರ ವಿಮರ್ಶೆ ಎಷ್ಟು ಖಾರ ಎಂಬುದು ಎರಡು ಪುಟದಲ್ಲೇ ತಿಳಿಯಿತು.

"ಅಣ್ಣ, ಮಾವುತ ಮಾತಾಡ್ತಿದ್ದಾನಾ, ಆನೆ ನಡೀತಿದೆಯಾ? ಎರಡೂ ಒಂದೇ ಥರ ಕೇಳ್ತಿದೆ."

"ಅಕ್ಕ ಓದಿದ್ರೆ ಹೊಳೆ ಸದ್ದು ಬರ್ತಿತ್ತು."

"ಆ ಆನೆಗೂ ನಮಗೂ ಒಂದೇ ಕಷ್ಟ," ಎಂದರು ಸೆಲ್ವಿಯಮ್ಮ. "ಮಾತು ಅದೇ, ಹೇಳೋರು ಬೇರೆ."

ಅಧ್ಯಾಯದ ನಡುವೆ ಉತ್ತರ ಕೊಡುವಂತಿಲ್ಲ. ಆದರೆ ನನ್ನ ಹೆಂಡತಿ ಹೊಳೆಯ ಸದ್ದು ಮಾಡುತ್ತಿದ್ದಳು ಎಂಬುದು ನನ್ನ ಕಿವಿಯಲ್ಲಿ ಕೂತಿತು. ನಲವತ್ತಮೂರು ವರ್ಷ ನಮ್ಮ ಮನೆಯಲ್ಲಿ ಅವಳು ಪಾತ್ರೆಯ ಸದ್ದನ್ನೂ ಮಾಡಿದವಳಲ್ಲ!

ನಾನೂ ಪ್ರಯತ್ನಿಸಿದೆ. ಮಾವುತನಿಗೆ ರಸೂಲ್ ಸಾಬರ ದನಿ ಕೊಟ್ಟೆ. ಹೆಂಗಸರು ನಕ್ಕರು. ಅರಣ್ಯಾಧಿಕಾರಿಗೆ ನಮ್ಮ ಮ್ಯಾನೇಜರರ ದನಿ ಕೊಟ್ಟೆ. ರಸೂಲ್ ಸಾಬ್ ತೊಡೆ ತಟ್ಟಿಕೊಂಡರು. ಹೊರಗೆ ಬಿಸಿಲು ಇಳಿಯಿತು. ತಟ್ಟೆಯಲ್ಲಿ ಖರ್ಜೂರ, ಹೆಚ್ಚಿದ ಹಣ್ಣು ತಂದಿಟ್ಟರು. ಸುಭದ್ರಮ್ಮ ತೆಂಗಿನಕಾಯಿಯನ್ನು ಅದರ ಪಕ್ಕಕ್ಕೇ ಇಟ್ಟರು. ಕೊನೆಯ ಪುಟಕ್ಕೆ ಬಂದೆ. ಆನೆ ತುಂಗಾ ಹೊಳೆಗೆ ಇಳಿಯಿತು, ಹೊಸ ಮಾವುತನ ಕಡೆ ತಿರುಗಿತು, ಕಾಲೆತ್ತಿತು. 'ಆಗ ಅದು ಕಾಡೆಲ್ಲ ನಡುಗುವಂತೆ ಘೀಳಿಟ್ಟಿತು' ಎಂದು ಓದಿ ಪುಸ್ತಕ ಮುಚ್ಚಲು ಹೋದೆ.

"ಘೀಳಿಟ್ಟಿತು ಅಂದ್ರೆ ಸಾಲ್ದು ಅಣ್ಣ," ಎಂದರು ಮೆಹರ್ ಬಾನು. "ನಾಲ್ಕು ತಿಂಗಳು ಕಾದಿದ್ದೀವಿ. ಘೀಳಿಡಿ."

ಆನೆ ಹೇಗೆ ಕೂಗುತ್ತದೋ ನನಗೆ ತಿಳಿಯದು. ನನಗೆ ಗೊತ್ತಿರುವುದು ಒಂದೇ ಕೂಗು. ಕಣ್ಣು ಮುಚ್ಚಿ, ಶಿವನನ್ನು ನೆನೆದು, ಹೊಟ್ಟೆಯ ಆಳದಿಂದ ಸಣ್ಣಗೆ ತೆಗೆದು, ಏರಿಸಿ, ಏರಿಸಿ, ಮೇಲೆ ನಿಲ್ಲಿಸಿ, ನಿಧಾನಕ್ಕೆ ಇಳಿಸಿದೆ. ಮೂವತ್ತೊಂದು ವರ್ಷದ ಸೈರನ್ ನನ್ನ ಬಾಯಿಂದ ಹೊರಟಿತು.

ಬೀದಿಯಲ್ಲಿ ಬಾಗಿಲುಗಳು ತೆರೆದುಕೊಂಡವು. ನಿವೃತ್ತರಾದ ಇಬ್ಬರು ವಾಚು ನೋಡಿಕೊಳ್ಳುತ್ತಾ ಹೊರಗೆ ಬಂದರು. ಅದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇತ್ತು. ಉಪವಾಸ ಬಿಡುವ ಹೊತ್ತಿಗೆ ಆ ಬೀದಿಯ ಮಸೀದಿಯಲ್ಲೂ ಸೈರನ್ ಊದುತ್ತಾರಂತೆ! ಎದುರು ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಖರ್ಜೂರ ಹಿಡಿದ ಕೈಗಳು ಬಾಯಿಯ ಕಡೆಗೆ ಏಳುವುದು ಕಿಟಕಿಯಿಂದ ಕಂಡಿತು. ರಸೂಲ್ ಸಾಬ್ ವಾಚು ನೋಡಿ ಬೀದಿಗೆ ಹಾರಿದರು.

"ರೋಜಾ ಬಿಡ್ಬೇಡಿ! ಅದು ಸೈರನ್ ಅಲ್ಲ, ಆನೆ! ಆನೆ ಕೂಗಿದ್ದು!"

"ಯಾವ ಆನೆ ರಸೂಲ್ ಭಾಯ್?"

"ಷಣ್ಮುಖಪ್ಪ ಸಾಹೇಬ್ರು!"

ಖರ್ಜೂರಗಳು ತಟ್ಟೆಗೆ ಮರಳಿದವು. ಯಾರೂ ತಿಂದಿರಲಿಲ್ಲ, ದೇವರು ದೊಡ್ಡವನು. ರಸೂಲ್ ಸಾಬ್ ಏದುಸಿರು ಬಿಡುತ್ತಾ ಒಳಗೆ ಬಂದು ವಾಚನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಇವತ್ತೂ ಎರಡು ನಿಮಿಷ ಮುಂಚೆ! ಈಗಾದ್ರೂ ಒಪ್ಕೊಳ್ಳಿ!"

ಒಪ್ಪಿಕೊಂಡೆ. ಎರಡು ನಿಮಿಷ ಕಳೆದು ಮಸೀದಿಯ ನಿಜವಾದ ಸೈರನ್ ಆಯಿತು, ಹಿಂದೆಯೇ ಅಜಾನ್. ಮನೋಹರ ಕಾಯಿ ಒಡೆದರು. ಖರ್ಜೂರವೂ ಕಾಯಿಚೂರೂ ಒಂದೇ ತಟ್ಟೆಯಲ್ಲಿ ಹಂಚಿ ಹೋದವು.

ಅವರ ನಮಾಜು ಮುಗಿದ ಮೇಲೆ ಸುಪ್ರಿಯಾ ಮೆಲ್ಲಗೆ ನಿಯಮದ ಹಾಳೆ ತೆಗೆದಳು. "ಸಾರ್, ಬೇಜಾರು ಮಾಡ್ಕೋಬೇಡಿ. ನೀವು ಓದಿದ್ದು ಅರ್ಧ. ಆ ಡಾಕ್ಟರ್ ಕೇಳಿದ್ರೆ ನಾನೇನು ಹೇಳ್ಲಿ?"

ನನ್ನ ಕೈಯಲ್ಲಿದ್ದ ಕಾಯಿಚೂರು ಬಾಯಿಗೆ ಹೋಗಲಿಲ್ಲ. ಮೂರು ತಿಂಗಳು ಓದಿ, ಕೊನೆಗೆ ಅರ್ಧ ಪುಸ್ತಕಕ್ಕೆ ಅವಳ ಹೆಸರು ತಪ್ಪುವುದೇ?

"ಅರ್ಧ ಅಕ್ಕ ಓದಿದ್ರು, ಅರ್ಧ ಅಣ್ಣ ಓದಿದ್ರು," ಎಂದರು ಮೆಹರ್ ಬಾನು. "ಕೇಳಿದ್ದು ನಾವು ಪೂರ್ತಿ. ಸಾಕ್ಷಿ ಬೇಕಾದ್ರೆ ಐದು ಜನ ಇದ್ದೀವಿ. ನಿನ್ನ ಡಾಕ್ಟರಿಗೆ ಒಬ್ಬರಾದ್ರೂ ಇದ್ರಾ? ಬರ್ಕೋಮ್ಮ."

"ಐವರು ಪ್ರತ್ಯಕ್ಷ ಸಾಕ್ಷಿಗಳು. ಬಿಗಿಯಾದ ಕೇಸು," ಎಂದರು ಮನೋಹರ.

ಸುಪ್ರಿಯಾ ಪೆನ್ನು ತೆಗೆದು ನೋಟ್‌ಬುಕ್ಕಿನಲ್ಲಿ ಹನ್ನೆರಡು ಎಂದು ಬರೆದು ಸಹಿ ಹಾಕಿದಳು. "ಹಲಗೆ ಮೇಲೆ ಯುಗಾದಿಗೆ ಬರ್ಸ್ತೀನಿ ಸಾರ್. ಅನಿಸಿಕೆ ಮಾತ್ರ ಒಂದು ಪುಟ ಕೊಡ್ಬೇಕು."

"ಮೊದಲರ್ಧ ನನಗೆ ಗೊತ್ತಿಲ್ಲವಲ್ಲಮ್ಮ," ಎಂದು ಮೆಹರ್ ಬಾನು ಕಡೆ ತಿರುಗಿದೆ. "ತಾಯಿ, ಅದನ್ನ ನನಗೆ ಹೇಳ್ತೀರಾ?"

ಮೆಹರ್ ಬಾನು ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಪುಸ್ತಕವನ್ನು ತೆರೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರು ಕನ್ನಡಕ ಹಾಕುವವರಲ್ಲ. ಆದರೆ ಬಲಗೈಯ ನಡುಬೆರಳಿನಿಂದ ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಒಮ್ಮೆ ಮೇಲಕ್ಕೆ ಸರಿಸಿಕೊಂಡರು. ಸೆಲ್ವಿಯಮ್ಮನೂ ಉಳಿದ ಮೂವರೂ ತಮಗೇ ತಿಳಿಯದೆ ಹಾಗೇ ಮಾಡಿದರು. ಉಮಾ ಹಾಗೆಯೇ ಸರಿಸಿಕೊಳ್ಳುತ್ತಿದ್ದಳು.

ಆಮೇಲೆ ಗಂಟಲು ಸರಿಮಾಡಿಕೊಂಡು ಹೊಳೆಯ ಸದ್ದಿನಿಂದ ಆರಂಭಿಸಿದರು.

ಸುಭದ್ರಮ್ಮ ನನ್ನ ಮುಖ ನೋಡಿ, "ಏನಾಯ್ತು ಅಣ್ಣಾ?" ಎಂದು ಕೇಳಿದರು. ನಾನು ಕೈಮುಗಿದು ಕೂತೇ ಇದ್ದೆ. ಅಧ್ಯಾಯ ಮುಗಿಯುವವರೆಗೆ ಮಾತಾಡುವಂತಿಲ್ಲ.